ಅತಿಥಿಗೆ ಕೊಡುವ ನೀರು

೯ ಅಕ್ಟೋಬರ್ ೨೦೧೭
ವಿಶ್ವವಿದ್ಯಾಲಯದ ಕೇಂದ್ರ

ತೀಲಿ,

ಆರು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಏಳನೆಯ ಸಲ ಮಾಡುವ ಬದಲು ಕಾಗದ ಬರೆಯುತ್ತಿದ್ದೇನೆ.

ಮಾದ್ರಿನಾ ತೀರಿಕೊಂಡು ಒಂಬತ್ತು ತಿಂಗಳಾಯಿತು. ಆ ದಿನ ಇಗರ್ಜಿಯಲ್ಲಿ ನಾನು ಕೊನೆಯ ಸಾಲಿನಲ್ಲಿದ್ದೆ. ನೀನು ನನ್ನನ್ನು ನೋಡಿದೆ, ನೋಡದವಳಂತೆ ದಾಟಿಹೋದೆ. ದುಃಖ ಎಂದುಕೊಂಡೆ. ನಿನಗೆ ಅವರು ಹೆತ್ತ ತಾಯಿ. ನನಗೆ ದೀಕ್ಷಾಸ್ನಾನದ ದಿನ ಎತ್ತಿಕೊಂಡ ತಾಯಿ. ನಮ್ಮಮ್ಮ ದ್ರಾಕ್ಷಿ ತೋಟದಿಂದ ಬರುವವರೆಗೆ ನಾನು ದಿನವೂ ನಿಮ್ಮ ಅಡುಗೆಮನೆಯಲ್ಲೇ ಬರೆದು, ಓದಿ, ಉಂಡವಳು. ಅದನ್ನು ನಾನು ಮರೆತಿಲ್ಲ.

ಈಗ ಕೆಲಸದ ಮಾತು. ಪಟ್ಟಣದ ನೀರಿನ ಕೊಳವೆಯ ಎರಡನೆಯ ಹಂತಕ್ಕೆ ಜಿಲ್ಲೆಯವರು ಒಪ್ಪಿದ್ದಾರೆ. ಇನ್ನೊಂದು ಊರಿಗೆ ಕೊಡುತ್ತಾರೆ. ಒಂದಕ್ಕೇ. ಯಾವ ಊರಿನ ಬಾವಿಗಳು ಹೆಚ್ಚು ಕೆಟ್ಟಿವೆ ಎಂದು ನಮ್ಮ ಕೇಂದ್ರ ಹೇಳಬೇಕು, ಮಾರ್ಚ್ ಕೊನೆಗೆ ಪಟ್ಟಿ ಮುಚ್ಚುತ್ತದೆ. ನಮ್ಮೂರು ಟಿಲ್ಟನ್ ಕ್ಯಾಂಪಿನ ಹೆಸರನ್ನು ಮತ್ತೆ ಸೇರಿಸಲು ನಾನು ಒಂದು ವರ್ಷ ಬಡಿದಾಡಿದ್ದೇನೆ. ಈ ಸಲ ವರದಿಯ ಹೊಣೆ ನನ್ನದೇ. ಆದರೆ ನಮ್ಮ ನಿಯಮ ನಿನಗೆ ಗೊತ್ತು: ವಿಶ್ವವಿದ್ಯಾಲಯ ಊರನ್ನು ಬಿಟ್ಟು ಏನೂ ಮಾಡುವಂತಿಲ್ಲ. ನೀರು ಹಿಡಿಯುವವರು ಊರಿನವರೇ ಆಗಬೇಕು, ಊರಿನ ಸಮಿತಿ ರುಜು ಹಾಕಬೇಕು. ಮಾದ್ರಿನಾ ಆದ ಮೇಲೆ ಸಮಿತಿಗೆ ನೀನೇ ಮುಂದಾಳು ಎಂದು ಕೇಳಿದೆ.

ಹಿಂದಿನ ನೀರಿನ ಪರೀಕ್ಷೆಯ ಕಾಗದಗಳ ಪೆಟ್ಟಿಗೆ ಜೂನ್‌ನಲ್ಲೇ ತಲುಪಿರಬೇಕು. ಕೆಲಸ ಮುಗಿದ ಮೇಲೆ ಒಂದೊಂದು ಹಾಳೆಯ ಪ್ರತಿಯೂ ಊರಿಗೆ ಹಿಂತಿರುಗಬೇಕು ಎಂಬ ಷರತ್ತನ್ನು ಬರೆಸಿದವಳು ನಾನು. ಅದೊಂದು ನನ್ನ ಹೆಮ್ಮೆ.

ಉತ್ತರ ಬರೆ.

ನಿನ್ನ ಯೆಸಿ


೨೭ ಅಕ್ಟೋಬರ್
ಟಿಲ್ಟನ್ ಕ್ಯಾಂಪ್

ಯೆಸೆನಿಯಾ,

ಫೋನ್ ಮಾಡಬೇಡ. ಫೋನಿನಲ್ಲಿ ಆಡಿದ್ದನ್ನು ಆಮೇಲೆ ಆಡಿಲ್ಲ ಎನ್ನಬಹುದು. ಕಾಗದವೇ ಇರಲಿ.

ಪೆಟ್ಟಿಗೆ ಬಂದಿದೆ. ಪ್ಯಾಕಿಂಗ್ ಷೆಡ್ಡಿನಲ್ಲಿ ಪೀಚ್ ಹಣ್ಣಿನ ಕಾಲ, ತೆರೆಯಲು ಬಿಡುವಿರಲಿಲ್ಲ. ಆಗಸ್ಟಿನಲ್ಲಿ ತೆರೆದೆ. ಅದರ ಮಾತಿಗೆ ಆಮೇಲೆ ಬರುತ್ತೇನೆ.

ಕಳೆದ ವರ್ಷ ಫೆಬ್ರವರಿಯಲ್ಲಿ ನಿಮ್ಮ ಖಾಲಿ ಬಾಟಲಿಗಳು ಬಂದವು. ಇಲ್ಲಿ ಮನೆಗೊಂದು ಬೋರ್‌ವೆಲ್, ಸುತ್ತ ದನದ ಡೈರಿಗಳು. ನಲ್ಲಿ ನೀರನ್ನು ಯಾರೂ ಬಾಯಿಗೆ ಹಾಕುವುದಿಲ್ಲ. ಬಟ್ಟೆಗೆ, ನೆಲಕ್ಕೆ, ಮೈಗೆ. ಕುಡಿಯುವುದು ಅಂಗಡಿಯ ಮುಂದಿನ ಯಂತ್ರದಿಂದ ಕ್ಯಾನಿನಲ್ಲಿ ತಂದ ನೀರು. ಬಂದವರಿಗೆ ಕೊಡುವುದೂ ಅದನ್ನೇ. ಇದನ್ನು ನಿನಗೆ ಹೇಳಬೇಕಾಗಿಲ್ಲ. ಆ ಕ್ಯಾನುಗಳನ್ನು ಹೊತ್ತು ಬೆಳೆದವಳು ನೀನು.

ಅಮ್ಮ ಐಸ್ ಪೆಟ್ಟಿಗೆ ಹಿಡಿದು ಮನೆಮನೆಗೆ ಹೋದಳು. ನಾನು ಷೆಡ್ಡಿನಲ್ಲಿದ್ದೆ; ನಡೆದದ್ದನ್ನು ನೆರೆಮನೆಯ ದೋನ್ಯಾ ಚಾಯೊ ಆಮೇಲೆ ಹೇಳಿದ್ದು. ಬಾಟಲಿ ಕೈಗೆ ಕೊಟ್ಟಾಗ ಚಾಯೊ ನಲ್ಲಿಗೆ ಹಿಡಿಯಲು ಹೋದಳಂತೆ, ಅಮ್ಮ ತಡೆದಳಂತೆ.

‘ಅಯ್ಯೋ, ಅದನ್ನ ಹಿಡೀತೀಯೇನೇ? ವಾಸನೆ ಹೊಡೀತದೆ.’

‘ಮತ್ತಿನ್ಯಾವ್ದು ಎಲ್ಪಿದಿಯಾ? ನೀರು ಅಂದ್ರೆ ನೀರು.’

‘ಅಷ್ಟು ದೊಡ್ಡ ಶಾಲೆಯವರು ಕೇಳಿದಾರೆ, ಪರೀಕ್ಷೆ ಮಾಡ್ತಾರಂತೆ. ಆ ಕೊಳಕು ನೀರು ಕಳಿಸಿ ಮರ್ಯಾದೆ ಕಳ್ಕೊಳ್ಳೋದಾ? ಕ್ಯಾನಿಂದು ಹಾಕೇ. ನಮ್ಮ ಯೆಸಿ ಹೆಸರು ಕೆಡಬಾರ್ದು.’

ಪರೀಕ್ಷೆ ಎಂದರೆ ಪಾಸಾಗಬೇಕು ಎಂದು ಅವಳ ತಿಳಿವಳಿಕೆ. ನೀನು ಪರೀಕ್ಷೆ ಪಾಸಾದಾಗಲೆಲ್ಲ ಊರಿಗೆ ಸಿಹಿ ಹಂಚಿದವಳು. ಮೂವತ್ತೊಂದು ಮನೆಗಳಲ್ಲಿ ಇಪ್ಪತ್ತಾರು ಮನೆಯವರು ಅವಳ ಮಾತು ಕೇಳಿದರು.

ಅದೇ ವರ್ಷ ಆಗಸ್ಟಿನಲ್ಲಿ ಜಿಲ್ಲೆಯ ಸಭೆ. ನಾವು ಹದಿನಾಲ್ಕು ಹೆಂಗಸರು ಒಂದು ದಿನದ ಕೂಲಿ ಬಿಟ್ಟು ಹೋಗಿದ್ದೆವು. ಅಧಿಕಾರಿ ನಿಮ್ಮ ವರದಿ ಎತ್ತಿ ತೋರಿಸಿದ. ‘ನಿಮ್ಮ ಬಾಟಲಿಗಳೇ ಹೇಳ್ತಿವೆಯಲ್ಲ ತಾಯಿ, ನಿಮ್ಮ ನೀರು ಬಹಳ ಚೆನ್ನಾಗಿದೆ ಅಂತ!’ ಕೊಳವೆ ಈಸ್ಟ್ ಗ್ರೋವ್ ಊರಿನ ಕಡೆಗೆ ತಿರುಗಿತು. ಹಿಂದಿರುಗಿ ವ್ಯಾನಿನಿಂದ ಇಳಿಯುವಾಗ ಚಾಯೊ ಅಮ್ಮನ ಕಡೆ ನೋಡದೆ ಅಂದಳು: ‘ಕೊಳವೆ ಮುರಿದಿದ್ದು ಜಿಲ್ಲೆಯವರಲ್ಲ ಬಿಡು.’

ಅಷ್ಟೇ. ಆಮೇಲೆ ಯಾರೂ ಏನೂ ಅನ್ನಲಿಲ್ಲ. ಅನ್ನದೇ ಇರುವುದು ಈ ಊರಿಗೆ ಚೆನ್ನಾಗಿ ಬರುತ್ತದೆ. ಅಮ್ಮ ಪೂಜೆಗೆ ಹೋಗುವುದನ್ನು ಬಿಟ್ಟಳು. ಕೊನೆಯ ವಾರ ಲೋಟ ಬಾಯಿಗೆ ಹಿಡಿದರೆ, ಇದು ಯಾವ ನೀರು ಎಂದು ಕೇಳುತ್ತಿದ್ದಳು. ಹೇಳಿದರೂ ನಂಬುತ್ತಿರಲಿಲ್ಲ.

ಇನ್ನು ಪೆಟ್ಟಿಗೆ. ಮೇಲಿಂದ ಮೂರನೆಯ ಕಟ್ಟು, ಪ್ರಯೋಗಾಲಯದ ಅಂಕಿಗಳ ಹಾಳೆ. ಅಂಚಿನಲ್ಲಿ ಪೆನ್ಸಿಲಿನಲ್ಲಿ ನಿನ್ನ ಅಕ್ಷರ: ‘ಇಪ್ಪತ್ತಾರೂ ಒಂದೇ. ಇದು ಯಂತ್ರದ ನೀರು. ಮಾದ್ರಿನಾ ಒಳ್ಳೆಯದನ್ನೇ ಕೊಟ್ಟಿದ್ದಾರೆ.’ ಕೆಳಗೆ ತಾರೀಖು, ಏಪ್ರಿಲ್ ೧೧. ವರದಿ ಅಚ್ಚಾದದ್ದು ಜೂನ್‌ನಲ್ಲಿ.

ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಹಾಲಿನಲ್ಲಿ ಎಲ್ಲರೂ ಇರುತ್ತಾರೆ. ಬಂದು ಹೇಳು. ಇಂಗ್ಲಿಷಿನಲ್ಲಿ ಅಲ್ಲ, ನಮ್ಮ ಮಾತಿನಲ್ಲಿ. ಆಮೇಲೆ ರುಜು.

ಒತಿಲಿಯಾ ಬರ್ರಗಾನ್


೧೯ ನವೆಂಬರ್

ತೀಲಿ,

ನಿನ್ನ ಕಾಗದವನ್ನು ಮೂರು ವಾರ ಚೀಲದಲ್ಲಿಟ್ಟುಕೊಂಡು ಓಡಾಡಿದೆ.

ಹೌದು. ಗೊತ್ತಿತ್ತು. ಆ ಹಾಳೆ ನೋಡಿದಾಗ ಮೊದಲು ನಗು ಬಂತು. ಮಾದ್ರಿನಾ ಕ್ಯಾನ್ ಬಗ್ಗಿಸುತ್ತಿರುವುದು ಕಣ್ಣಿಗೆ ಕಟ್ಟಿತು. ಆಮೇಲೆ ಬಾಗಿಲು ಹಾಕಿಕೊಂಡು ಕೂತೆ. ಇಪ್ಪತ್ತಾರು ಬಾಟಲಿ ತಪ್ಪು ಎಂದು ನಾನು ಹೇಳಿದ್ದರೆ, ಊರಿನ ಹೆಂಗಸರ ಕೈಗೆ ಈ ಕೆಲಸ ಕೊಟ್ಟದ್ದೇ ತಪ್ಪು ಎನ್ನಲು ಕಾದಿದ್ದವರು ಕೇಂದ್ರದಲ್ಲೇ ಇದ್ದರು. ಈ ಕಣಿವೆಯ ಒಂಬತ್ತು ಊರುಗಳ ಕೆಲಸ ನಿಲ್ಲುತ್ತಿತ್ತು. ಅಲ್ಲದೆ ನನ್ನ ಹುದ್ದೆ ಖಾಯಂ ಆಗಬೇಕಾಗಿದ್ದ ವರ್ಷ ಅದು. ಇದನ್ನು ಎರಡನೆಯದಾಗಿ ಬರೆದಿದ್ದೇನೆ, ಮೊದಲು ಬರೆಯಬೇಕಿತ್ತು.

ಊರಿನವರು ಮಾದ್ರಿನಾ ಅವರನ್ನು ದೂರುತ್ತಾರೆಂದು ನನಗೆ ತಿಳಿದಿರಲಿಲ್ಲ. ಕೇಳಲೂ ಇಲ್ಲ.

ಬರುತ್ತೇನೆ. ಆದರೆ ಏಪ್ರಿಲ್‌ನಲ್ಲಿ, ಪಟ್ಟಿ ಮುಚ್ಚಿದ ಮೇಲೆ. ಈಗ ಬಾಯಿ ಬಿಟ್ಟರೆ ಈ ವರದಿಯಿಂದ ನನ್ನನ್ನು ತೆಗೆಯುತ್ತಾರೆ. ನಾನಿಲ್ಲದೆ ಟಿಲ್ಟನ್ ಕ್ಯಾಂಪಿನ ಪರ ಅಲ್ಲಿ ಮಾತಾಡುವವರಿಲ್ಲ. ನಿನಗೆ ಕೊಳವೆ ಬೇಕೋ, ನಾನು ತಲೆ ತಗ್ಗಿಸಿ ನಿಲ್ಲುವುದು ಬೇಕೋ? ಯೋಚಿಸಿ ಹೇಳು.

ಯೆಸೆನಿಯಾ


೩ ಡಿಸೆಂಬರ್

ಯೆಸೆನಿಯಾ,

ಯೋಚಿಸಿದೆ.

ರುಜು ಹಾಕಿದ ಹಾಳೆ ಇದರೊಂದಿಗಿದೆ. ಬಾಟಲಿ ಕಳಿಸು. ಈ ಸಲ ನೀರು ಹಿಡಿಯುವವಳು ನಾನು.

ಒತಿಲಿಯಾ


೧೧ ಫೆಬ್ರವರಿ ೨೦೧೮

ಯೆಸೆನಿಯಾ,

ನಾಳೆ ಬೆಳಿಗ್ಗೆ ನಿಮ್ಮ ವ್ಯಾನಿಗೆ ಪೆಟ್ಟಿಗೆ ಕೊಡುತ್ತೇನೆ. ಈ ಕಾಗದ ನಿನಗೆ ಅದರ ಹಿಂದೆಯೇ ಸಿಗುತ್ತದೆ.

ಇವತ್ತು ಮಂಜು ಎಷ್ಟಿತ್ತೆಂದರೆ ಮುಂದಿನ ಮನೆಯ ಬೇಲಿ ಕೈಗೆ ತಗುಲಿದ ಮೇಲೆಯೇ ಕಾಣುತ್ತಿತ್ತು. ಮೂವತ್ತೊಂದು ಮನೆಗೂ ಹೋದೆ. ಪ್ರತಿ ಮನೆಯಲ್ಲೂ ನಲ್ಲಿ ನೀರನ್ನೇ ಹಿಡಿಸಿಕೊಂಡೆ. ಚಾಯೊ ಬಾಗಿಲಲ್ಲೇ ನಕ್ಕಳು. ‘ಈ ಸಲ ಸರಿಯಾಗಿ ಹಿಡ್ಕೊಳ್ಳೇ. ನಿಮ್ಮಮ್ಮನ ಥರ ಇಡೀ ಊರಿಗೆ ನೂರಕ್ಕೆ ನೂರು ಕೊಡಿಸಿಬಿಟ್ಟೀಯ!’

‘ಇಲ್ಲ ದೋನ್ಯಾ ಚಾಯೊ.’

ಅವಳ ಸೊಸೆ ಬಸುರಿ. ಮೇ ತಿಂಗಳಲ್ಲಿ ಹೆರಿಗೆ. ಎಳೆಕೂಸಿಗೆ ಈ ನೀರು ಹೋದರೆ ಮೈ ನೀಲಿಯಾಗುತ್ತದೆ ಎಂದು ದಾದಿ ಹೇಳಿದ್ದಾಳಂತೆ. ‘ಅಷ್ಟೊತ್ತಿಗೆ ಕೊಳವೆ ಬರುತ್ತಾ ಅಕ್ಕಾ?’ ಎಂದು ಕೇಳಿದಳು. ಬರುತ್ತದೋ ಇಲ್ಲವೋ ಯೆಸೆನಿಯಾಗೆ ಗೊತ್ತು ಎಂದೆ.

ಮನೆಗೆ ಬಂದು ಬಾಟಲಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟೆ. ಒಂದೊಂದರ ಮೇಲಿನ ಮನೆಯ ಸಂಖ್ಯೆ ಓದಿದೆ. ಓದಿ, ಬಚ್ಚಲಿಗೆ ಸುರಿದೆ. ಆಮೇಲೆ ಒಂದೊಂದನ್ನೂ ಯಂತ್ರದ ನೀರಿನಿಂದ ತುಂಬಿಸಿದೆ. ಈ ಸಲ ಇಪ್ಪತ್ತಾರಲ್ಲ, ಮೂವತ್ತೊಂದೂ. ಊರಿನಲ್ಲಿ ಯಾರಿಗೂ ಇದು ಗೊತ್ತಿಲ್ಲ. ನನಗೆ ಗೊತ್ತು, ನಿನಗೆ ಗೊತ್ತು.

ಈಗ ನಿನ್ನ ಮೇಜಿನ ಮೇಲೆ ಒಂದೇ ಅಂಕಿ ಮೂವತ್ತೊಂದು ಸಲ ಬರುತ್ತದೆ. ನೀರು ಶುದ್ಧ ಎಂದು ನೀನು ರುಜು ಹಾಕಬಹುದು. ಆಗ ನಮ್ಮ ಊರು ಎರಡನೆಯ ಸಲ ಪಟ್ಟಿಯಿಂದ ಬಿಟ್ಟುಹೋಗುತ್ತದೆ, ಮೂರನೆಯ ಸಲ ಇರುವುದಿಲ್ಲ. ಇಲ್ಲವೇ, ಇದು ಅವರ ಬಾವಿಯ ನೀರಲ್ಲ ಎನ್ನಬಹುದು. ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ. ಇದನ್ನು ಮೊದಲೂ ನೋಡಿದ್ದೇನೆ ಎನ್ನಬೇಕಾಗುತ್ತದೆ. ನನ್ನ ಈ ಕಾಗದವನ್ನೇ ಅವರಿಗೆ ತೋರಿಸುತ್ತೀಯಾ, ತೋರಿಸು. ಏಪ್ರಿಲ್ ಹನ್ನೊಂದರ ಹಾಳೆ ನನ್ನ ಹತ್ತಿರ ಇದೆ ಎಂಬುದೂ ಇದರಲ್ಲೇ ಇದೆ.

ಕೊಳವೆಯೋ ತಲೆ ತಗ್ಗಿಸುವುದೋ ಎಂದು ನೀನು ಕೇಳಿದ್ದೆ. ಆ ಪ್ರಶ್ನೆಯನ್ನು ನಿನಗೇ ಕಳಿಸಿದ್ದೇನೆ.

ಒತಿಲಿಯಾ


೧೭ ಫೆಬ್ರವರಿ

ತೀಲಿ,

ನಿನಗೆ ತಲೆ ಕೆಟ್ಟಿದೆ. ಬೇರೆ ಮಾತು ತೋಚುತ್ತಿಲ್ಲ.

ನನ್ನ ಮೇಲೆ ಸಿಟ್ಟಿದ್ದರೆ ನನ್ನ ಮುಖಕ್ಕೆ ಉಗಿ. ನನ್ನ ಮನೆಗೆ ಬಂದು ಕಿಟಕಿ ಒಡೆ. ಬಸುರಿ ಹುಡುಗಿ ನಂಬಿ ಕೊಟ್ಟ ಬಾಟಲಿಯನ್ನು ಬಚ್ಚಲಿಗೆ ಸುರಿಯುವುದೇ? ಅವಳು ನಿನಗೇನು ಮಾಡಿದ್ದಳು? ಅದೇ ಕೈಯಿಂದ ಬರೆದೂ ಬಿಟ್ಟೆಯಲ್ಲ, ಎಂಜಲು ನೀರು ಚೆಲ್ಲಿದವಳ ಹಾಗೆ.

ಶನಿವಾರ ಹೊಸ ಬಾಟಲಿ ತೆಗೆದುಕೊಂಡು ನಾನೇ ಬರುತ್ತೇನೆ. ಏನಾದರೊಂದು ನೆಪ ಹೇಳಿ ಮತ್ತೆ ಹಿಡಿಸಿಕೊಳ್ಳುತ್ತೇನೆ. ಯಾರಿಗೂ ಏನೂ ತಿಳಿಯಬೇಕಿಲ್ಲ. ನೀನು ಬಾಗಿಲು ಹಾಕಿಕೊಂಡು ಒಳಗಿರು ಸಾಕು.

ಮಾದ್ರಿನಾ ಇದ್ದಿದ್ದರೆ ನಿನ್ನ ಕೆನ್ನೆಗೆ ಬಾರಿಸುತ್ತಿದ್ದರು.

ಯೆಸೆನಿಯಾ


೨೨ ಫೆಬ್ರವರಿ

ಯೆಸೆನಿಯಾ,

ಬಾ. ಮತ್ತೆ ಯಾಕೆ ಎಂದು ಪ್ರತಿ ಬಾಗಿಲಲ್ಲೂ ಕೇಳುತ್ತಾರೆ. ಮೂವತ್ತೊಂದು ಸಲ ಸುಳ್ಳು ಹೇಳಬೇಕು. ಇಗರ್ಜಿಯ ಹಾಲಿನಲ್ಲಾದರೆ ಒಂದು ಸಲ ನಿಜ ಹೇಳಿದರೆ ಮುಗಿಯುತ್ತದೆ.

ಅಮ್ಮ ಹೊಡೆಯುತ್ತಿದ್ದಳು, ನಿಜ. ಇಬ್ಬರಿಗೂ.

ಒತಿಲಿಯಾ


೧ ಮಾರ್ಚ್

ತೀಲಿ,

ನನಗೆ ಎರಡೇ ದಾರಿ ಉಳಿಸಿದ್ದೇನೆ ಎಂದು ನೀನು ಎಣಿಸಿದ್ದೆ. ಮೂರನೆಯದೊಂದು ಇತ್ತು. ಬಾಟಲಿಗಳು ದಾರಿಯಲ್ಲಿ ಬಿಸಿಯಾದರೆ ಅವನ್ನು ಚೆಲ್ಲಿ ಹೊಸದಾಗಿ ಹಿಡಿಯುತ್ತೇವೆ. ವರ್ಷಕ್ಕೆ ನಾಲ್ಕು ಸಲ ಆಗುತ್ತದೆ, ಯಾರೂ ಯಾಕೆ ಎಂದು ಕೇಳುವುದಿಲ್ಲ. ಹದಿನೇಳರಂದು ಸಿಟ್ಟಿನಲ್ಲಿ ನಿನಗೆ ಬರೆದೆನಲ್ಲ, ಅದಕ್ಕೆ ಹಿಂದಿನ ದಿನವೇ ಹಾಗೆ ಬರೆದುಕೊಟ್ಟು ನಿನ್ನ ಬಾಟಲಿಗಳನ್ನು ಚೆಲ್ಲಿಸಿದ್ದೆ. ನಿನ್ನ ಹೆಸರು ಎಲ್ಲೂ ಬಂದಿಲ್ಲ. ಬರುವುದೂ ಇಲ್ಲ.

ಅಲ್ಲಿಗೆ ನಾನು ತಪ್ಪಿಸಿಕೊಂಡಿದ್ದೆ. ಹತ್ತು ದಿನ ಹಾಗೆಯೇ ಇದ್ದೆ, ಶನಿವಾರ ಬರುತ್ತೇನೆಂದವಳು ಬರಲೂ ಇಲ್ಲ. ಸೋಮವಾರ ನಿರ್ದೇಶಕಿಯ ಕೋಣೆಗೆ ಹೋಗಿ ಹಳೆಯ ವರದಿಯ ವಿಷಯ ಹೇಳಿದೆ. ಯಾಕೆ ಹೋದೆ ಎಂದು ನನಗೂ ಸರಿಯಾಗಿ ಗೊತ್ತಿಲ್ಲ; ನೀನು ಗೆದ್ದೆ ಎಂದುಕೊಳ್ಳಬೇಡ, ಅಷ್ಟೇ. ಅವರು ತಾರೀಖು ಕೇಳಿ ಬರೆದುಕೊಂಡರು. ಹೊಸ ವರದಿಯಿಂದ ನನ್ನ ಹೆಸರು ಹೋಗಿದೆ, ಹುದ್ದೆಯೂ ಹೋಗುತ್ತದೆ. ಟಿಲ್ಟನ್ ಕ್ಯಾಂಪಿಗೆ ಒಂದು ಅವಕಾಶ ಕೊಟ್ಟಿದ್ದಾರೆ: ಹತ್ತನೇ ತಾರೀಖು, ಪ್ರಯೋಗಾಲಯದವರೊಬ್ಬರ ಎದುರಿನಲ್ಲಿ. ಇನ್ನು ಮುಂದೆ ಎಲ್ಲ ಊರುಗಳಲ್ಲೂ ಹಾಗೆಯೇ. ಹೆಂಗಸರು ತಾವೇ ಹಿಡಿದು ಕಳಿಸುವುದು ಮುಗಿಯಿತು.

ಭಾನುವಾರ ಪೂಜೆಯ ಹೊತ್ತಿಗೆ ಬರುತ್ತೇನೆ.

ಯೆಸೆನಿಯಾ


೬ ಏಪ್ರಿಲ್
ಟಿಲ್ಟನ್ ಕ್ಯಾಂಪ್

ಯೆಸೆನಿಯಾ,

ಪಟ್ಟಿ ಬಂದಿದೆ. ಮೊದಲ ಹೆಸರು ನಮ್ಮದು. ಮೂವತ್ತೊಂದರಲ್ಲಿ ಇಪ್ಪತ್ತೊಂಬತ್ತು ಬಾವಿ ಕುಡಿಯಲು ಆಗದು ಎಂದು ಬಂದಿದೆಯಂತೆ. ಈ ಸುದ್ದಿ ನಿನ್ನೆ ಫೋನಿನಲ್ಲಿ ಚಾಯೊಗೆ ಬಂತು. ಸಮಿತಿಗೆ ಈಗ ಮುಂದಾಳು ಅವಳು. ಕೊಳವೆ ಬರುವಷ್ಟರಲ್ಲಿ ಮೊಮ್ಮಗು ಓಡಾಡುತ್ತಿರುತ್ತದೆ, ಆದರೂ ಬೀದಿಯಲ್ಲೇ ನಿಂತು ಕೂಗಿ ಹೇಳಿದಳು. ನನ್ನ ಮನೆಯ ಮುಂದೆ ಬಂದಾಗ ದನಿ ತಗ್ಗಿಸಿದಳು.

ಮಾರ್ಚ್ ನಾಲ್ಕರ ಭಾನುವಾರ ಇಗರ್ಜಿಯ ಹಾಲಿನಲ್ಲಿ ನೀನೂ ಇದ್ದೆ. ಆದರೂ ನಾನು ಕಂಡದ್ದನ್ನು ಬರೆಯುತ್ತೇನೆ.

ನೀನು ಕಾಫಿ ಡ್ರಮ್ಮಿನ ಪಕ್ಕ ನಿಂತು ಹೇಳಿದೆ. ನಮ್ಮ ಮಾತಿನಲ್ಲೇ ಹೇಳಿದೆ, ಏನನ್ನೂ ಬಿಡದೆ ಹೇಳಿದೆ. ಆ ಗಳಿಗೆಯನ್ನು ನಾನು ಆಗಸ್ಟಿನಿಂದ ಮನಸ್ಸಿನಲ್ಲೇ ಎಷ್ಟು ಸಲ ನಡೆಸಿ ನೋಡಿದ್ದೆನೋ. ಯಾರೋ ಕಿರುಚಬೇಕಿತ್ತು. ಕುರ್ಚಿ ಉರುಳಬೇಕಿತ್ತು. ಚಾಯೊ ಎದ್ದಾಗ ಅವಳ ಕೈ ನೋಡಿದೆ, ಈಗ ಏಟು ಬಿತ್ತು ಎಂದು.

ಅವಳು ನಿನ್ನನ್ನು ತಬ್ಬಿಕೊಂಡಳು.

‘ಅಳಬ್ಯಾಡ ಮಗಳೇ. ಆಗಿದ್ದಾಯ್ತು. ಹೊಟ್ಟೆಗೇನಾದ್ರೂ ಹಾಕ್ಕೊಂಡ್ಯಾ ಇಲ್ವಾ? ಎಷ್ಟು ಸೊರಗಿದೀಯೇ! ಅಷ್ಟು ದೊಡ್ಡ ಶಾಲೇಲಿ ಊಟ ಹಾಕಲ್ವಾ ನಿಂಗೆ?’

ಯಾರೋ ಉಪವಾಸ ಕಾಲದ ಕಾಪಿರೊತಾದಾ ಬಡಿಸಿ ತಂದರು, ಬೆಲ್ಲದ ಪಾಕದಲ್ಲಿ ನೆನೆದ ಬ್ರೆಡ್ಡು, ಮೇಲಿನ ತುಂಡು, ದ್ರಾಕ್ಷಿ ಹೆಚ್ಚಿರುವುದು. ಅಮ್ಮನನ್ನು ತಿಂಗಳುಗಟ್ಟಲೆ ಕಣ್ಣೆತ್ತಿ ನೋಡದವರು ನಿನ್ನನ್ನು ಒಂದು ತಟ್ಟೆ ಬಡಿಸುವಷ್ಟರಲ್ಲಿ ಕ್ಷಮಿಸಿದರು. ಅಮ್ಮನ ಹೆಸರನ್ನು ಒಬ್ಬರೂ ಎತ್ತಲಿಲ್ಲ. ನೀನು ತಟ್ಟೆ ಹಿಡಿದುಕೊಂಡೇ, ಹೊಸ ಬಾಟಲಿಗಳು ಬಿಸಿಯಾಗಿ ಕೆಟ್ಟವು, ಶನಿವಾರ ಮತ್ತೆ ಹಿಡಿಯಬೇಕು ಎಂದೆ. ನನ್ನ ಕಡೆ ನೋಡಲಿಲ್ಲ.

ನಿನ್ನ ದಯೆ ನನಗೆ ಬೇಡವಾಗಿತ್ತು. ನಾನು ಎದ್ದು ನಿಂತದ್ದು ಅದಕ್ಕೆ, ಪಶ್ಚಾತ್ತಾಪಕ್ಕಲ್ಲ. ಬಿಸಿಯಾಗಿಲ್ಲ, ನಾನೇ ಸುರಿದೆ ಎಂದೆ.

ಆಗ ಕುರ್ಚಿ ಉರುಳಿತು. ಚಾಯೊ ಮೇಜು ದಾಟಿ ಬಂದಳು. ‘ನನ್ನ ಸೊಸೆ ಹೊಟ್ಟೆ ನೋಡ್ಕೊಂಡೇ ಬಾಟ್ಲಿ ಇಸ್ಕೊಂಡು ಹೋದ್ಯಲ್ಲೇ! ಮನುಷ್ಯಳೇನೇ ನೀನು? ನಿಮ್ಮಮ್ಮ ಪಾಪ, ತಿಳೀದೆ ಮಾಡಿದ್ಲು. ಒಳ್ಳೇದಾಗ್ಲಿ ಅಂತ ಮಾಡಿದ್ಲು. ನೀನು ತಿಳಿದೂ ತಿಳಿದೂ ಮಾಡ್ದೆ!’

ತಿಳಿಯದೆ ಮಾಡಿದಳು, ಒಳ್ಳೆಯದಾಗಲಿ ಎಂದು ಮಾಡಿದಳು. ಈ ಮಾತನ್ನು ಆ ಹಾಲಿನಲ್ಲಿ ಯಾರಾದರೂ ಒಂದು ಸಲ ಆಡಲಿ ಎಂದು ಅಮ್ಮ ಕಾದಳು, ಆಮೇಲೆ ನಾನು ಕಾದೆ. ಕೊನೆಗೆ ನನ್ನನ್ನು ಹಳಿಯುವುದಕ್ಕಾಗಿ ಅದು ಚಾಯೊಳ ಬಾಯಿಗೆ ಬಂತು. ಹೇಗಾದರೂ ಬರಲಿ, ಬಂತು. ಉಳಿದದ್ದನ್ನು ನಾನು ಕೇಳಿಸಿಕೊಳ್ಳಲಿಲ್ಲ.

ಈಗ ಆ ಶನಿವಾರ. ನನ್ನ ಮನೆಯನ್ನು ನೀನು ಕೊನೆಗೆ ಇಟ್ಟುಕೊಂಡಿದ್ದೆ. ಪ್ರಯೋಗಾಲಯದವನು ಬಾಗಿಲಲ್ಲಿ ನಿಂತ, ನೀನು ಒಳಗೆ ಬಂದೆ. ನಲ್ಲಿ ತಿರುಗಿಸಿದೆ. ಕೊಳವೆಯಲ್ಲಿ ನಿಂತ ನೀರು ಹೋಗಲು ಐದು ನಿಮಿಷ ಬಿಡಬೇಕು ಎಂದೆ, ಗಡಿಯಾರ ನೋಡಿಕೊಂಡೆ. ಐದು ನಿಮಿಷ ನೀರು ಹರಿಯಿತು. ಅದೇ ಅಡುಗೆಮನೆ, ಅದೇ ಮೇಜು. ನೀನು ಏನಾದರೂ ಹೇಳುತ್ತೀಯ ಎಂದು ನಾನು ಕಾದೆ. ನೀನೂ ಕಾದಿರಬಹುದು.

ಬಾಟಲಿಯ ಚೀಟಿಯ ಮೇಲೆ ಮನೆಯವರ ಹೆಸರು ಬರೆಯಬೇಕು ಎಂದು ನೀನು ಹೇಳಿದೆ. ನಾನು ಎಲ್ಪಿದಿಯಾ ಬರ್ರಗಾನ್ ಎಂದು ಬರೆದು ನಿನ್ನ ಮುಂದೆ ಸರಿಸಿದೆ. ಸುಳ್ಳು ಹೆಸರಿದ್ದರೆ ಆ ಬಾಟಲಿ ನಡೆಯುವುದಿಲ್ಲ, ನನಗೆ ಗೊತ್ತಿತ್ತು. ಸುಮ್ಮನಿರುತ್ತೀಯೋ ನೋಡೋಣ ಎನಿಸಿತು. ಸುಮ್ಮನಿದ್ದರೆ ನೀನು ಮತ್ತೆ ಅದೇ ಯೆಸೆನಿಯಾ. ಬಾಗಿಲಲ್ಲಿ ನಿಂತವನು ತನ್ನ ಫೋನ್ ನೋಡುತ್ತಿದ್ದ.

ನೀನು ಪೆನ್ನು ತೆಗೆದುಕೊಂಡೆ. ಅಮ್ಮನ ಹೆಸರಿನ ಮೇಲೆ ಒಂದೇ ಒಂದು ನೇರ ಗೆರೆ ಎಳೆದೆ, ಕೆಳಗಿನ ಅಕ್ಷರ ಓದಲು ಬರುವ ಹಾಗೆ. ಪಕ್ಕದಲ್ಲಿ ನನ್ನ ಹೆಸರು ಬರೆದೆ. ತಾರೀಖು ಹಾಕಿದೆ, ನಿನ್ನ ರುಜು ಹಾಕಿದೆ.

ಸರಿಯಾಗಿಯೇ ಮಾಡಿದೆ. ಎರಡು ವರ್ಷದ ಹಿಂದೆ, ಅವಳು ಬದುಕಿದ್ದಾಗ, ಇಪ್ಪತ್ತಾರು ಬಾಟಲಿಗೂ ಹೀಗೆಯೇ ಮಾಡಬೇಕಿತ್ತು. ಅವಳು ಸತ್ತ ಮೇಲೆ, ಅವಳದೇ ಅಡುಗೆಮನೆಯಲ್ಲಿ, ಅವಳ ಹೆಸರಿನ ಮೇಲೆ ಗೆರೆ ಎಳೆಯುವಾಗ ನಿನಗೆ ಸರಿ ಮಾಡಲು ಬಂತು.

ಊರು ನಿನ್ನನ್ನು ಕ್ಷಮಿಸಿದೆ. ಹಬ್ಬಕ್ಕೆ ಬಾ, ಚಾಯೊ ಉಣ್ಣಿಸುತ್ತಾಳೆ. ಕೊಳವೆ ಬಂದ ದಿನ ನಿನ್ನ ಕೈಯಿಂದಲೇ ನಲ್ಲಿ ಬಿಡಿಸಬೇಕು ಎಂದು ಮಾತಾಡಿಕೊಳ್ಳುತ್ತಿದ್ದಾರೆ. ಅವರ ಮನೆಗಳಿಗೆ ಹೋಗು. ಮೂವತ್ತು ಇವೆ.

ಎಲ್ಪಿದಿಯಾಳ ಮಗಳು